ತಾಲ್ಲೂಕು ಕಚೇರಿಯ ಪರ್ಷಿಯನ್

ಮೇಷ್ಟ್ರು: ಮೊದಲೇ ಹೇಳಿಬಿಡ್ತೀನಿ ವಕೀಲರೇ. ನಮ್ಮ ಸಮಿತಿ ಮಾಡಿರೋ, ತೆಗೆಯಬೇಕಾದ ಪದಗಳ ಪಟ್ಟಿ ನೋಡಿ, "ನಿಮ್ಮ ವಾಕ್ಯದಲ್ಲೇ ನಾಲ್ಕು ಪರ್ಷಿಯನ್ ಪದ ಇದೆಯಲ್ಲ ಮೇಷ್ಟ್ರೇ" ಅಂತ ಎಣಿಸಿ ತೋರಿಸೋ ಆಟ ಬೇಡ. ಅರ್ಜಿ, ನಮೂನೆ, ತಾಲ್ಲೂಕು, ಜಿಲ್ಲೆ ಎಲ್ಲ ಹೊರಗಿನಿಂದ ಬಂದವು ಅಂತ ನನಗೂ ಗೊತ್ತು. ಗೊತ್ತಿರೋದಕ್ಕೇ ಕಚೇರಿ ಕಾಗದಗಳಿಂದ ಅವನ್ನ ತೆಗೀಬೇಕು ಅಂತಿರೋದು.

ವಕೀಲರು: ಎಣಿಸೋದಿಲ್ಲ ಬಿಡಿ. ಎಣಿಸಿದರೆ ತಿಳಿಯೋದೂ ಏನಿಲ್ಲ. ತೆಗೆಯೋ ಮುಂಚೆ ಅವು ಎಲ್ಲಿ ಗುಂಪುಗೂಡಿವೆ ಅಂತ ನೋಡೋಣ. ನೇಗಿಲು, ಕುಂಟೆ, ಕೂರಿಗೆ, ಬಿತ್ತನೆ, ಕಳೆ, ಕೊಯ್ಲು, ಕಣ ಎಲ್ಲ ನಮ್ಮವೇ. ಅದೇ ಹೊಲ ಕಾಗದದ ಮೇಲೆ ಬಂತೋ, ಜಮೀನು ಆಗುತ್ತೆ. ಆಮೇಲೆ ಹಿಸ್ಸೆ, ಜಮಾಬಂದಿ, ವಸೂಲಿ, ಬಾಕಿ, ಜಪ್ತಿ, ಹರಾಜು ಅಂತ ಒಂದೊಂದಾಗಿ ಸಾಲುಗಟ್ಟುತ್ತವೆ. ಉಳುವವನ ಮಾತು ಕನ್ನಡ, ಅವನ ಹತ್ತಿರ ಕಂದಾಯ ಕೇಳುವವನ ಮಾತು ಪರ್ಷಿಯನ್. ಇದು ಹೇಗಾಯ್ತು?

ಮೇಷ್ಟ್ರು: ಅದರಲ್ಲೇನು ಗುಟ್ಟು? ಗೆದ್ದವರ ಮಾತು ಆಳುವ ಮಾತಾಯ್ತು. ಸುಲ್ತಾನರು ಬಂದರು, ತಮ್ಮ ಭಾಷೆಯನ್ನ ನಮ್ಮ ತಲೆ ಮೇಲೆ ಹೇರಿದರು.

ವಕೀಲರು: "ತಮ್ಮ ಭಾಷೆ" ಅಂದಿರಲ್ಲ, ಅಲ್ಲೇ ತಕರಾರು. ದೆಹಲಿಯ ಮೊದಲ ಸುಲ್ತಾನರು ತುರ್ಕರು. ಲೋದಿಗಳು ಅಫ್ಘಾನರು. ಬಾಬರ್ ತನ್ನ ಆತ್ಮಕಥೆ ಬರೆದದ್ದು ಚಗತಾಯ್ ತುರ್ಕಿಯಲ್ಲಿ. ಮೊಮ್ಮಗ ಅಕ್ಬರನ ಕಾಲಕ್ಕೆ ಅದನ್ನ ಅಬ್ದುಲ್ ರಹೀಮ್ ಖಾನ್-ಇ-ಖಾನಾನ್ ಪರ್ಷಿಯನ್ನಿಗೆ ತರಬೇಕಾಯ್ತು. ತಾತ ಬರೆದದ್ದನ್ನ ಮೊಮ್ಮಗನ ಆಸ್ಥಾನ ಅನುವಾದದಲ್ಲಿ ಓದಿತು. ಪರ್ಷಿಯನ್ ಇಲ್ಲಿನ ಹೆಚ್ಚಿನ ದೊರೆಗಳ ಮನೆಮಾತಲ್ಲ. ಮಧ್ಯ ಏಷ್ಯಾದಿಂದ ಬಂಗಾಳದ ತನಕ ಕಾಗದಪತ್ರ, ಕಾವ್ಯ, ರಾಯಭಾರ ನಡೆಸುತ್ತಿದ್ದ ಬರಹದ ಭಾಷೆ. ಅರಬ್ಬಿ ಪದಗಳೂ ಅದರ ಬೆನ್ನೇರಿಯೇ ಬಂದವು. ನಿಮ್ಮ ಅರ್ಜಿ, ನನ್ನ ವಕೀಲಿಕೆ ಎರಡೂ ಮೂಲದಲ್ಲಿ ಅರಬ್ಬಿ, ದಾರಿ ಮಾತ್ರ ಪರ್ಷಿಯನ್.

ಮೇಷ್ಟ್ರು: ಮನೆಮಾತಲ್ಲದಿದ್ದರೆ ಏನಂತೆ? ಮೇಲಿನಿಂದ ಬಂದದ್ದು ಬಂದದ್ದೇ ತಾನೆ?

ವಕೀಲರು: ಬಂದದ್ದು ಮೇಲಿನಿಂದ, ಇಳಿಸಿದವರು ಯಾರು ನೋಡಿ. 1582ರ ಸುಮಾರಿಗೆ ಕಂದಾಯದ ಲೆಕ್ಕವೆಲ್ಲ ಪರ್ಷಿಯನ್ನಿನಲ್ಲೇ ಇರಬೇಕು ಅಂತ ಮೊಗಲ್ ರಾಜ್ಯದಲ್ಲಿ ಗೊತ್ತುಮಾಡಿದವನು ಅಕ್ಬರನ ಕಂದಾಯ ಮಂತ್ರಿ ರಾಜಾ ತೋಡರಮಲ್ಲ. ಅಲ್ಲಿಂದ ಮುಂದೆ ಕಾಯಸ್ಥರು, ಖತ್ರಿಗಳು, ಬ್ರಾಹ್ಮಣರು ಮಕ್ಕಳಿಗೆ ಪರ್ಷಿಯನ್ ಕವಿ ಸಾದಿಯ ಗುಲಿಸ್ತಾನ್ ಓದಿಸೋಕೆ ಶುರುಮಾಡಿದರು, ಕೆಲಸ ಸಿಗಬೇಕಲ್ಲ. ಷಾಜಹಾನನ ಮುನ್ಷಿಯಾಗಿದ್ದ ಚಂದರ್ ಭಾನ್ ಪರ್ಷಿಯನ್ ಕವಿ. ಆತ ಇಟ್ಟುಕೊಂಡಿದ್ದ ಕಾವ್ಯನಾಮವೇ 'ಬ್ರಾಹ್ಮಣ'. ಕತ್ತಿ ರಾಜ್ಯ ಗೆದ್ದಿರಬಹುದು ಮೇಷ್ಟ್ರೇ, ಭಾಷೆಯನ್ನ ಹಳ್ಳಿ ತನಕ ತಂದದ್ದು ಲೇಖಣಿ ಹಿಡಿದ ಗುಮಾಸ್ತ.

ಮೇಷ್ಟ್ರು: ಅದು ಉತ್ತರದ ಕಥೆ. ನಮ್ಮ ಕಡೆಗೆ ಬನ್ನಿ.

ವಕೀಲರು: ನಮ್ಮ ಕಡೆ ಕಥೆ ಇನ್ನೂ ಹಳೆಯದು. 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ಶುರುವಾಯ್ತು, ರಾಜಧಾನಿ ಮುಂದೆ ಬೀದರಿಗೆ ಹೋಯ್ತು. ಅಲ್ಲಿಗೆ ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದವನು ಮಹಮೂದ್ ಗಾವಾನ್. ಬರುಬರುತ್ತಾ ರಾಜ್ಯದ ಪ್ರಧಾನಿಯೇ ಆದ. 1472ರಲ್ಲಿ ಆತ ಕಟ್ಟಿಸಿದ ಮದರಸಾದ ಗೋಡೆ ಮೇಲೆ ಇರಾನೀ ಶೈಲಿಯ ಬಣ್ಣದ ಹೆಂಚುಗಳ ತುಂಡುಗಳು ಈಗಲೂ ಉಳಿದಿವೆ. ಪತ್ರ ಬರೆಯುವುದನ್ನೇ ಒಂದು ಕಲೆಯಾಗಿ ಬೆಳೆಸಿದವರಲ್ಲಿ ಅವನೂ ಒಬ್ಬ. ಆ ಕಲೆಯ ಮೇಲೆ ಗ್ರಂಥ ಬರೆದ. ಅವನ ಪತ್ರಗಳ ಸಂಕಲನ ರಿಯಾಜ್-ಉಲ್-ಇನ್ಶಾ ಇವತ್ತಿಗೂ ಚರಿತ್ರೆಕಾರರಿಗೆ ಆಕರ.

ಮೇಷ್ಟ್ರು: ಅವನ ಸಾವಿಗೂ ಒಂದು ಪತ್ರವೇ ಕಾರಣ ಅಲ್ಲವೇ?

ವಕೀಲರು: ಅದೇ. ಬೀದರಿನಲ್ಲಿ ಆಗ ಎರಡು ಪಂಗಡ. ಹಳೆಯ ದಖ್ಖನಿಗಳು ಒಂದು ಕಡೆ. ಇರಾನ್, ಮಧ್ಯ ಏಷ್ಯಾದಿಂದ ಹೊಸದಾಗಿ ಬಂದ ಅಫಾಕಿಗಳು ಇನ್ನೊಂದು ಕಡೆ. ಗಾವಾನನನ್ನ ಕಂಡರಾಗದವರು ಅವನ ಮೊಹರು ಕಾಯುತ್ತಿದ್ದವನನ್ನ ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಅದರ ಮೇಲೆ ಒಡಿಶಾದ ರಾಜನನ್ನ ದಂಡೆತ್ತಿ ಬಾ ಅಂತ ಕರೆಯುವ ಪತ್ರ ಬರೆದರು. ಸುಲ್ತಾನ ನಂಬಿದ. 1481ರಲ್ಲಿ ಗಾವಾನನ ತಲೆ ಹೋಯ್ತು. ಖಾಲಿ ಕಾಗದಕ್ಕೆ ರುಜು ಮಾಡಬೇಡಿ ಅಂತ ಕಕ್ಷಿದಾರರಿಗೆ ನಾನು ದಿನಾ ಹೇಳೋ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮೇಷ್ಟ್ರು: ಕಥೆ ಚೆನ್ನಾಗಿದೆ. ಆದರೆ ನಿಮ್ಮ ವಾದಕ್ಕೆ ತೊಡಕಾಗೋದನ್ನ ನಾನೊಂದು ಹೇಳಲೇ? ಬಿಜಾಪುರದಲ್ಲಿ 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಆದಿಲ್‌ಶಾಹ ರಾಜ್ಯದ ಲೆಕ್ಕಪತ್ರವನ್ನ ಪರ್ಷಿಯನ್ನಿನಿಂದ ತೆಗೆಸಿ, ಈ ನೆಲದ ಭಾಷೆಗೆ ತಿರುಗಿಸಿ, ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟ ಅಂತ ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಅಂದರೆ ಇವತ್ತು ನಾನು ಮಾಡಹೊರಟಿರೋ ಕೆಲಸವನ್ನ ಒಬ್ಬ ಸುಲ್ತಾನನೇ ಆಗ ಮಾಡಿದ್ದ.

ವಕೀಲರು: ಮಾಡಿದ. ಆದರೂ ಪದಗಳು ಹೋಗಲಿಲ್ಲವಲ್ಲ, ಯಾಕೆ? ವಾಕ್ಯ ದೇಶಭಾಷೆಗೆ ಬಂತು, ವ್ಯವಸ್ಥೆ ಹಳೆಯದೇ ಉಳಿಯಿತು. ಜಮಾ ಅನ್ನೋ ಲೆಕ್ಕ, ಇನಾಮು ಅನ್ನೋ ಹಕ್ಕು, ಜಹಗೀರು ಅನ್ನೋ ಏರ್ಪಾಡು ಇರೋ ತನಕ ಆ ಹೆಸರುಗಳೂ ಇರುತ್ತವೆ. ಹೀಗೆ ಪರ್ಷಿಯನ್ ಪದಗಳು ಮೊದಲು ಮರಾಠಿ ಬರೆಯುವ ಲೆಕ್ಕಿಗರ ಕೈಸೇರಿ, ಅಲ್ಲಿಂದ ಕನ್ನಡಕ್ಕೆ ದಾಟಿದವು. ಮೈಸೂರು ಸೀಮೆಯಲ್ಲೂ ಹತ್ತೊಂಬತ್ತನೇ ಶತಮಾನದಲ್ಲಿ ಮರಾಠಿ ಬರೆಯುವ ಗುಮಾಸ್ತರಿದ್ದರು. ವಿಜಯಪುರ, ಧಾರವಾಡದ ಕಡೆ ಮನೆತನದ ಹೆಸರು ಕೇಳಿ: ಇನಾಮದಾರ, ಜಹಗೀರದಾರ, ಕಿಲ್ಲೇದಾರ, ಮುಜುಮದಾರ, ಮುತಾಲಿಕ. ಒಂದು ರಾಜ್ಯದ ಹುದ್ದೆಗಳ ಪಟ್ಟಿ ಮನೆಬಾಗಿಲ ಮೇಲೆ ಹೆಸರಾಗಿ ಕೂತಿದೆ.

ಮೇಷ್ಟ್ರು: ಹಳೆ ಮೈಸೂರಿನಲ್ಲಿ ಆ ಹೆಸರುಗಳು ಕಡಿಮೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯನ್ ಇಲ್ಲೂ ಆಡಳಿತದ ಭಾಷೆಯಾಗಿತ್ತು. ತನ್ನ ಕನಸುಗಳನ್ನೂ ಅವನು ಸ್ವಂತ ಕೈಯಲ್ಲಿ ಪರ್ಷಿಯನ್ನಿನಲ್ಲೇ ಬರೆದಿಟ್ಟ, ಆ ಪುಸ್ತಕ ಲಂಡನ್ನಿನಲ್ಲಿದೆ. ಆದರೆ ಶೃಂಗೇರಿ ಮಠಕ್ಕೆ ಕಳಿಸಿದ ಪತ್ರಗಳು ಕನ್ನಡದಲ್ಲಿವೆ.

ವಕೀಲರು: ಓದುವವರು ಯಾರು ಅಂತ ನೋಡಿ ಬರೆದದ್ದು ಅದು. ಈ ಮಾತನ್ನ ನೆನಪಿಟ್ಟುಕೊಳ್ಳಿ, ನನ್ನ ವಾದಕ್ಕೆ ಆಮೇಲೆ ಬೇಕಾಗುತ್ತೆ. ಈಗ ಪಹಣಿ ತೆಗೀರಿ. ಅಲ್ಲಿ ನೆಲಕ್ಕೆ ಮೂರು ಜಾತಿ: ಖುಷ್ಕಿ, ತರಿ, ಬಾಗಾಯ್ತು. ಪರ್ಷಿಯನ್ನಿನಲ್ಲಿ ಖುಷ್ಕ್ ಅಂದರೆ ಒಣಗಿದ್ದು, ತರ್ ಅಂದರೆ ಒದ್ದೆ, ಬಾಗ್ ಅಂದರೆ ತೋಟ. ಮಳೆ ನಂಬಿದ ಹೊಲ, ನೀರು ನಿಲ್ಲುವ ಗದ್ದೆ, ಅಡಿಕೆ ತೆಂಗಿನ ತೋಟ. ಶಾಲೆ ಮೆಟ್ಟಿಲು ಹತ್ತದ ರೈತನಿಗೂ ಇವು ಮೂರೂ ತಿಳಿಯುತ್ತವೆ. ನೀವು ಇವಕ್ಕೆ ಏನು ಹಾಕ್ತೀರಿ?

ಮೇಷ್ಟ್ರು: ಬೆದ್ದಲು, ಗದ್ದೆ, ತೋಟ. ಅಷ್ಟೇ ಸರಳ.

ವಕೀಲರು: ಒಪ್ಪಿದೆ, ಇವು ಚೆನ್ನಾಗಿಯೇ ಇವೆ. ಆದರೆ ಖುಷ್ಕಿಯನ್ನ ಪರದೇಶಿ ಅಂತ ಹೊರಗೆ ಹಾಕೋ ಮುಂಚೆ ಅದರ ವಂಶಾವಳಿ ನೋಡಿ. ಸಂಸ್ಕೃತದ ಶುಷ್ಕವೂ ಪರ್ಷಿಯನ್ನಿನ ಖುಷ್ಕವೂ ಒಂದೇ ಬೇರಿನಿಂದ ಒಡೆದವು. ಬಂದೋಬಸ್ತಿನ ಬಂದ್ ಇದೆಯಲ್ಲ, ಅದು ನಮ್ಮ ಬಂಧನಕ್ಕೆ ದಾಯಾದಿ. ಮುಜುಮದಾರನ 'ದಾರ', ಗಿರಿಧರನ 'ಧರ' ಇವೂ ಹಾಗೆ, ಎರಡೂ ಹಿಡಿದವನು ಅನ್ನೋ ಅರ್ಥದವು. ಶುಷ್ಕ ಒಳಗಿರಲಿ, ಖುಷ್ಕಿ ಹೊರಗೆ ಹೋಗಲಿ ಅಂದರೆ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮಾತ್ರ ಪಾಲು ಕೊಟ್ಟ ಹಾಗಾಯ್ತು.

ಮೇಷ್ಟ್ರು: ನನಗೆ ಇಬ್ಬರೂ ಬೇಡ, ಬೆದ್ದಲು ಸಾಕು! ಆ 'ದಾರ' ಅಂದಿರಲ್ಲ, ಅದರ ವಿಷಯದಲ್ಲಿ ಮಾತ್ರ ನಾನು ಸೋತಿದ್ದೀನಿ. ಅದು ಪದವಾಗಿ ಬರಲಿಲ್ಲ, ಪ್ರತ್ಯಯವಾಗಿ ಬಂತು. ನಮ್ಮ ಗುತ್ತಿಗೆಗೆ ಅಂಟಿ ಗುತ್ತಿಗೆದಾರ, ಪಾಲಿಗೆ ಅಂಟಿ ಪಾಲುದಾರ, ಸಂಸ್ಕೃತದ ಮತಕ್ಕೆ ಅಂಟಿ ಮತದಾರ. ಕಾನೂನು ಕನ್ನಡ ಮಾಡಿದವರು ಸಂಸ್ಕೃತದಿಂದ ಅಧಿಭೋಗ ತಂದರು, ಅದರ ಬಾಲಕ್ಕೂ ಇದನ್ನೇ ಕಟ್ಟಿ ಅಧಿಭೋಗದಾರ ಅಂದರು. ಒಂದು ಎಚ್ಚರಿಕೆ ಇರಲಿ: ಬೇಟೆಗಾರ, ಮಾತುಗಾರದ 'ಗಾರ' ಪರ್ಷಿಯನ್ ಅಂತ ಕೆಲವರು ತಿಳಿದಿದ್ದಾರೆ. ಅದು ಸಂಸ್ಕೃತದ 'ಕಾರ'ದಿಂದ ಆದದ್ದು, ಸುಲ್ತಾನರಿಗಿಂತ ಬಹಳ ಹಿಂದಿನಿಂದಲೂ ಕನ್ನಡದಲ್ಲಿದೆ.

ವಕೀಲರು: ಅದಕ್ಕೆ ತಿರುವುಮುರುವಾದದ್ದೂ ಒಂದಿದೆ. ಪೋಲೀಸ್ ಠಾಣೆಯಲ್ಲಿ ಬರೆಸಿಕೊಳ್ಳೋ ಮುಚ್ಚಳಿಕೆ ಅಚ್ಚಗನ್ನಡ ಅಂತ ಎಲ್ಲರೂ ತಿಳಿದಿದ್ದಾರೆ, ಮುಚ್ಚಳ ಪಕ್ಕದಲ್ಲೇ ಇದೆಯಲ್ಲ. ಅದು ತುರ್ಕಿಯ ಮುಚಲ್ಕಾ, ಪರ್ಷಿಯನ್ ಕಚೇರಿ ದಾಟಿ ಬಂದು ಕನ್ನಡದ ವೇಷ ತೊಟ್ಟಿದೆ.

ಮೇಷ್ಟ್ರು: ಸರಿ, ಕಚೇರಿ ವಿಷಯ ಒಪ್ಪಿದೆ. ಆದರೆ ಗುಮಾಸ್ತನ ಲೇಖಣಿಯಿಂದಲೇ ಎಲ್ಲ ಬಂತು ಅಂದರೆ ನಂಬೋದು ಹೇಗೆ? ನನ್ನ ಮೊಮ್ಮಗಳು ಶಾಲೆಯಿಂದ ಬಂದು "ಬೇಜಾರು" ಅಂತಾಳೆ. ಜ್ವರ ಬಂದರೆ ಮನೆಯವರು "ಹುಷಾರಿಲ್ಲ" ಅಂತಾರೆ. ಖುಷಿ, ಜೋರು, ಜಾಗ, ಮಜಾ, ತಾಜಾ ಇವನ್ನ ಯಾವ ಶಿರಸ್ತೇದಾರ ಬರೆದ? ಇವು ಮನಸ್ಸಿನ, ಮೈಯ ಮಾತುಗಳು.

ವಕೀಲರು: ಅದು ಇನ್ನೊಂದು ಬಾಗಿಲು. ಬರಹದ ಪರ್ಷಿಯನ್ ಕಚೇರಿಗೆ ಬಂತು. ಬೀದಿಗೆ ಬಂದದ್ದು ದಖ್ಖನಿ ಉರ್ದು. ಸಿಪಾಯಿಗಳು, ಕುದುರೆ ಕಾಯುವವರು, ದರ್ಜಿಗಳು, ಅತ್ತರು ಮಾರುವವರು, ದರ್ಗಾಕ್ಕೆ ಹರಕೆ ಹೊರುವವರು ಆಡುತ್ತಿದ್ದ ಮಾತು ಅದು. ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ಹಾಡುಗಳ ಪುಸ್ತಕ ಕಿತಾಬ್-ಎ-ನೌರಸ್ ಬರೆದದ್ದು ದಖ್ಖನಿಯಲ್ಲಿ. ಅದಕ್ಕೆ ಮುನ್ನುಡಿ ಬೇಕಾದಾಗ ಜುಹೂರಿ ಅನ್ನೋ ಕವಿಯಿಂದ ಪರ್ಷಿಯನ್ನಿನಲ್ಲಿ ಬರೆಸಿದ. ಹಾಡಿಗೆ ಬೀದಿಯ ಮಾತು, ಪೀಠಿಕೆಗೆ ಆಸ್ಥಾನದ ಮಾತು. ಕನ್ನಡಕ್ಕೂ ಎರಡೂ ಕಡೆಯಿಂದ ಬಂತು. ಕಚೇರಿಯಿಂದ ಬಂದದ್ದು ಅರ್ಥ ಬಿಡದೆ ಬಿಗಿಯಾಗಿ ನಿಂತಿತು. ಬೀದಿಯಿಂದ ಬಂದದ್ದು ನಮ್ಮವರ ಬಾಯಲ್ಲಿ ತಿರುಗಿತು. ಪರ್ಷಿಯನ್ನಿನ ಬೇಜಾರ್ ಅಂದರೆ ಹೇಸಿಕೆ, ರೋಸಿಹೋಗೋದು. ಕನ್ನಡದಲ್ಲಿ ಅದು ದುಃಖಕ್ಕೂ ಆಯ್ತು, ಹೊತ್ತು ಹೋಗದಿರುವುದಕ್ಕೂ ಆಯ್ತು. ಹುಷಾರು ಅಂದರೆ ಅಲ್ಲಿ ಎಚ್ಚರ, ಜಾಣತನ; ಆರೋಗ್ಯ ಅನ್ನೋ ಅರ್ಥ ಕೂಡಿಸಿದ್ದು ಇಲ್ಲಿನವರು.

ಮೇಷ್ಟ್ರು: ಹಾಗಾದರೆ ವಿಜಯನಗರಕ್ಕೆ ಬಂದದ್ದು ಯಾವ ಬಾಗಿಲಿನಿಂದ? ಅಲ್ಲಿ ಸುಲ್ತಾನರಿರಲಿಲ್ಲ. ಆದರೂ ಸಂಗಮ ವಂಶದ ಶಾಸನಗಳಲ್ಲಿ 'ಹಿಂದೂರಾಯ ಸುರತ್ರಾಣ' ಅನ್ನೋ ಬಿರುದು ಇದೆ. ಸುಲ್ತಾನ ಅನ್ನೋದನ್ನೇ ಸಂಸ್ಕೃತದ ಅಚ್ಚಿಗೆ ಹೊಯ್ದದ್ದು ಅದು.

ವಕೀಲರು: ಮೂರನೇ ಬಾಗಿಲು ಅಂತ ಬೇಕಾದರೆ ಅದನ್ನ ಕರೀರಿ, ಬೆಡಗಿನ ಬಾಗಿಲು. 1443ರಲ್ಲಿ ಹೆರಾತಿನ ಷಾರುಖ್ ದೊರೆ ಕಳಿಸಿದ ರಾಯಭಾರಿ ಅಬ್ದುಲ್ ರಜಾಕ್ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ, ನೋಡಿದ್ದನ್ನ ಪರ್ಷಿಯನ್ನಿನಲ್ಲಿ ಬರೆದ. ಅಂಥ ರಾಯಭಾರಿಗಳು, ಕುದುರೆ ವ್ಯಾಪಾರಿಗಳು ಓಡಾಡುವ ಆಸ್ಥಾನದಲ್ಲಿ ರಾಜನಾದವನು ನಾಲ್ಕು ದೇಶಕ್ಕೆ ತಿಳಿಯುವ ಉಡುಪು ತೊಡಬೇಕಿತ್ತು. ಉದ್ದ ನಿಲುವಂಗಿಗೆ ಕಬಾಯಿ ಅಂದರು, ನೀಳ ಟೋಪಿಗೆ ಕುಳ್ಳಾಯಿ ಅಂದರು. ಮೊದಲನೆಯದು ಅರಬ್ಬಿಯ ಕಬಾ, ಎರಡನೆಯದು ಪರ್ಷಿಯನ್ನಿನ ಕುಲಾಹ್. ತಿರುಮಲೆಯಲ್ಲಿ ಕೃಷ್ಣದೇವರಾಯನ ಪ್ರತಿಮೆಯ ತಲೆ ಮೇಲೆ ಇರೋದು ಆ ಥರದ್ದೇ. ಸುಲ್ತಾನರ ಜೊತೆ ಯುದ್ಧ ಮಾಡುತ್ತಲೇ ಅವರ ಟೋಪಿ ಇಟ್ಟುಕೊಂಡರು.

ಮೇಷ್ಟ್ರು: ಅದೇ ಟೋಪಿ ಈಗ ಕುಲಾವಿಯಾಗಿ ಎಳೆಮಕ್ಕಳ ತಲೆಗೆ ಬಂದಿದೆ.

ವಕೀಲರು: ಸಂಗೀತದಲ್ಲೂ ಹೀಗೇ ಸದ್ದಿಲ್ಲದೆ ಕೂತಿದೆ. ಕರ್ನಾಟಕ ಸಂಗೀತದ ರಾಗಗಳ ಹೆಸರು ನೋಡಿ: ದರ್ಬಾರು, ಹುಸೇನಿ, ನವರೋಜು. ನವರೋಜು ಅಂದರೆ ಇರಾನಿನ ಹೊಸವರ್ಷ. ಕಚೇರಿಯ ಕೊನೆಗೆ ಹಾಡೋ ತಿಲ್ಲಾನ ಉತ್ತರದ ತರಾನಾದ ನೆಂಟ. ಬೀದರಿಗೆ ಹೋದರೆ ನೆಲದಡಿಯ ಸುರಂಗದಲ್ಲಿ ಅಂತರ್ಜಲ ಹರಿಸಿ ಊರಿಗೆ ತಂದ ಕರೇಜ್ ಇದೆ, ಆ ವಿದ್ಯೆ ಇರಾನಿನದು.

ಮೇಷ್ಟ್ರು: ಬರೀ ಅಲ್ಲಿಂದ ಇಲ್ಲಿಗೇ ಅಂತ ಹೇಳ್ತಾ ಹೋಗಬೇಡಿ. ಇಲ್ಲಿಂದಲೂ ಹೋಗಿದೆ. ಪಂಚತಂತ್ರ ಆರನೇ ಶತಮಾನದಲ್ಲೇ ಇರಾನಿನ ಹಳೆಯ ಭಾಷೆ ಪಹ್ಲವಿಗೆ ಹೋಯ್ತು, ಅಲ್ಲಿಂದ ಅರಬ್ಬಿಗೆ ಕಲೀಲ ವ ದಿಮ್ನ ಆಗಿ ಹೋಗಿ ಜಗತ್ತು ಸುತ್ತಿತು. ನಮ್ಮ ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲಿ ಕನ್ನಡಕ್ಕೆ ತರೋ ಹೊತ್ತಿಗೆ ಅದರ ನರಿಗಳಾದ ಕರಟಕ ದಮನಕರು ಬಾಗ್ದಾದಿನಲ್ಲಿ ಹಳಬರಾಗಿದ್ದರು. ಅಕ್ಬರ್ ಮಹಾಭಾರತವನ್ನ ರಜ್ಮ್‌ನಾಮಾ ಅಂತ ಪರ್ಷಿಯನ್ನಿನಲ್ಲಿ ಮಾಡಿಸಿದ. ಷಾಜಹಾನನ ಮಗ ದಾರಾ ಶಿಕೋ 1657ರಲ್ಲಿ ಉಪನಿಷತ್ತುಗಳನ್ನ ಪರ್ಷಿಯನ್ನಿಗೆ ತಂದ. ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್ ಓದಿ ಮರುಳಾದದ್ದು ಆ ಪರ್ಷಿಯನ್ನಿನ ಲ್ಯಾಟಿನ್ ಅನುವಾದವನ್ನ.

ವಕೀಲರು: ಒಪ್ಪಿದೆ. ಈಗ ನಿಮ್ಮ ಶುದ್ಧೀಕರಣಕ್ಕೆ ಬರೋಣ. ಇದನ್ನ ನಿಮಗಿಂತ ಮುಂಚೆ ಮನಸ್ಸಿಟ್ಟು ಮಾಡಿದವನು ಶಿವಾಜಿ. 1674ರಲ್ಲಿ ಪಟ್ಟಾಭಿಷೇಕವಾದ ಕಾಲಕ್ಕೆ ರಘುನಾಥ ಪಂಡಿತನ ಕೈಲಿ ರಾಜವ್ಯವಹಾರಕೋಶ ಮಾಡಿಸಿದ. ಆಡಳಿತದ ಪರ್ಷಿಯನ್ ಪದಗಳಿಗೆಲ್ಲ ಸಂಸ್ಕೃತ ಪದ ಕೊಡೋ ಕೋಶ. ಪೇಶ್ವೆ ಅನ್ನೋದನ್ನ ಮುಖ್ಯಪ್ರಧಾನ ಅಂತ ಬದಲಾಯಿಸಿದ. ನೂರು ವರ್ಷ ಕಳೆಯೋದರೊಳಗೆ ಮರಾಠಾ ರಾಜ್ಯವನ್ನ ನಡೆಸುತ್ತಿದ್ದವರ ಹೆಸರೇನು?

ಮೇಷ್ಟ್ರು: ಪೇಶ್ವೆ.

ವಕೀಲರು: ಅವರ ಲೆಕ್ಕ ನೋಡುತ್ತಿದ್ದವನು?

ಮೇಷ್ಟ್ರು: ಫಡ್ನವೀಸ. ಅದೂ ಪರ್ಷಿಯನ್, ಗೊತ್ತು. ಆದರೆ ಒಂದು ಕೋಶ ಸೋತಿತು ಅಂತ ಎಲ್ಲವೂ ಸೋಲಬೇಕು ಅಂತಿಲ್ಲ. ಈಗ ನನ್ನ ಮಾತು ಕೇಳಿ. ನೀವು ಹೇಳಿದ ಗುಮಾಸ್ತನ ಕಥೆಗೆ ಇನ್ನೊಂದು ಮಗ್ಗುಲಿದೆ. ತನ್ನ ಹೊಲದ ಪತ್ರ ತನಗೇ ಓದೋಕೆ ಬಾರದ ರೈತ ಗುಮಾಸ್ತನ ಕಾಲು ಹಿಡೀಬೇಕಿತ್ತು. ಪರ್ಷಿಯನ್ ಒಂದು ವಿದ್ಯೆ ಮಾತ್ರ ಆಗಿರಲಿಲ್ಲ, ಬೇಲಿಯೂ ಆಗಿತ್ತು. ಬಂಗಾಳ ಪ್ರಾಂತ್ಯದ ಕೋರ್ಟುಗಳಿಂದ ಅದನ್ನ ತೆಗೆಯೋದಕ್ಕೆ ಕಂಪನಿ ಸರ್ಕಾರ 1837ರಲ್ಲಿ ಕಾಯಿದೆ ಮಾಡಿತಲ್ಲ, ಆಗ ಕೊಟ್ಟ ಕಾರಣವೂ ಇದೇ: ವಾದಿಗೂ ತಿಳಿಯದ, ಪ್ರತಿವಾದಿಗೂ ತಿಳಿಯದ, ಜಡ್ಜಿಗೂ ಮನೆಮಾತಲ್ಲದ ಭಾಷೆಯಲ್ಲಿ ನ್ಯಾಯ ನಡೀಬಾರದು. ಮನೆಮಾತಲ್ಲ ಅನ್ನೋದನ್ನ ನೀವು ಗುಣವಾಗಿ ಹೇಳಿದಿರಿ. ಅದೇ ದೋಷ ಕೂಡ.

ವಕೀಲರು: ಅದನ್ನ ಅಲ್ಲಗಳೆಯೋದಿಲ್ಲ. ಯಾರ ಮನೆಮಾತೂ ಅಲ್ಲದ್ದರಿಂದ ಯಾರು ಬೇಕಾದರೂ ಕಲಿಯಬಹುದಿತ್ತು. ಕಲಿಯೋಕೆ ಪುರಸೊತ್ತು, ದುಡ್ಡು ಇದ್ದವರು ಮಾತ್ರ ಕಲಿತರು ಅನ್ನೋದೂ ನಿಜ. ಆದರೆ 1837ರ ಮೇಲೆ ಏನಾಯ್ತು ಅನ್ನೋದನ್ನೂ ಹೇಳಿ. ಹಿಂದುಸ್ತಾನದ ಕೋರ್ಟುಗಳಲ್ಲಿ ಪರ್ಷಿಯನ್ ಹೋಗಿ ಉರ್ದು ಬಂತು. 1900ರಲ್ಲಿ ವಾಯವ್ಯ ಪ್ರಾಂತ್ಯದಲ್ಲಿ ನಾಗರಿ ಲಿಪಿಗೂ ಅನುಮತಿ ಸಿಕ್ಕಿತು. ಲಿಪಿ ಬದಲಾಯ್ತು, ಕ್ರಿಯಾಪದ ಬದಲಾಯ್ತು, ಕಾನೂನಿನ ಪದಗಳು ಅಲ್ಲೇ ಉಳಿದವು. ರೈತನಿಗೆ ಆಗಲೂ ಒಬ್ಬ ಓದಿಹೇಳುವವನು ಬೇಕೇ ಆದ. ಹಾಗಾದರೆ ಬೇಲಿ ಇದ್ದದ್ದು ಪದದ ಮೂಲದಲ್ಲೋ, ಬರೆಯುವವನ ಮನಸ್ಸಿನಲ್ಲೋ?

ಮೇಷ್ಟ್ರು: ಎರಡರಲ್ಲೂ. ಮೈಸೂರು ಸರ್ಕಾರ ಜನ ಎಣಿಸೋದಕ್ಕೆ ಖಾನೇಷುಮಾರಿ ಅಂತಿತ್ತು. ಹಳ್ಳಿಯವರಿಗೆ ಅದರಲ್ಲಿ ಏನು ತಿಳೀತಿತ್ತು? ಜನಗಣತಿ ಅಂದ ದಿನ ಎಲ್ಲರಿಗೂ ತಿಳೀತು. ಅದು ಹೋದದ್ದು ಒಳ್ಳೆಯದೇ ಆಯ್ತು.

ವಕೀಲರು: ಹೋಗಬೇಕಾದ್ದೇ, ನಾನೂ ಅಳೋದಿಲ್ಲ. ಆದರೆ ಅದು ಹೋದದ್ದು ಪರ್ಷಿಯನ್ ಅನ್ನೋ ಕಾರಣಕ್ಕಲ್ಲ, ತಿಳೀದೇ ಇದ್ದದ್ದಕ್ಕೆ. ಅದೇ ಅಳತೆಗೋಲನ್ನ ನಿಮ್ಮ ಅಧಿಭೋಗದಾರನಿಗೂ ಹಿಡೀರಿ. ಕ್ರಯಪತ್ರದಲ್ಲಿ ಸ್ವಾಧೀನಾನುಭವ ಅಂತ ಬರುತ್ತಲ್ಲ, ಅದಕ್ಕೂ ಹಿಡೀರಿ. ಬಾಲದ 'ದಾರ' ಬಿಟ್ಟರೆ ಅಲ್ಲಿ ಪರ್ಷಿಯನ್ ಒಂದಕ್ಷರ ಇಲ್ಲ, ರೈತನಿಗೆ ತಿಳಿಯೋದೂ ಇಲ್ಲ. ನ್ಯಾಯಾಲಯ ಅಂತ ಗೋಡೆ ಮೇಲೆ ಬರೆದ ಸರ್ಕಾರವೇ ರಾಜಿ ಮಾಡಿಸೋಕೆ ಜನ ಬರಲಿ ಅಂತ ಲೋಕ ಅದಾಲತ್ ಮಾಡಿತು. ಟಿಪ್ಪು ಶೃಂಗೇರಿಗೆ ಕನ್ನಡದಲ್ಲಿ ಬರೆದ ಅಂದಿರಲ್ಲ, ನಾನು ನೆನಪಿಟ್ಟುಕೊಳ್ಳಿ ಅಂದದ್ದು ಅದಕ್ಕೇ. ಎಲ್ಲಿಂದ ಬಂತು ಅಂತಲ್ಲ, ಯಾರಿಗೆ ಹೋಗುತ್ತೆ ಅಂತ ನೋಡಿ ಬರೀಬೇಕು.

ಮೇಷ್ಟ್ರು: ತಿಳಿಯೋದು ಅನ್ನೋದೂ ರೂಢಿಯಿಂದ ಬರೋದು. ಬೆದ್ದಲು ಅಂತ ಪಹಣಿಯಲ್ಲಿ ಬರೆದರೆ ಹತ್ತು ವರ್ಷಕ್ಕೆ ಅದೂ ರೂಢಿಯಾಗುತ್ತೆ. ಕನ್ನಡಕ್ಕೆ ಒಂದು ಅವಕಾಶ ಕೊಡದೆ, ರೂಢಿಯಲ್ಲಿಲ್ಲ ಅಂತ ದೂರೋದು ಯಾವ ನ್ಯಾಯ? ಇದನ್ನ ಮಾತ್ರ ನಾನು ಬಿಟ್ಟುಕೊಡೋದಿಲ್ಲ.

ವಕೀಲರು: ಬಿಟ್ಟುಕೊಡಬೇಡಿ, ಬೆದ್ದಲಿಗೆ ನನ್ನ ಮತವೂ ಇದೆ. ನನ್ನ ಅಳಲು ಬೇರೆ. ಪದಗಳನ್ನ ಇಟ್ಟುಕೊಳ್ಳೋದೋ ಬಿಡೋದೋ ಅಂತ ನಾವು ಕಾದಾಡುತ್ತಿರುವಾಗ ಪುಸ್ತಕಗಳು ಕೈತಪ್ಪಿ ಹೋದವು. ಫೆರಿಷ್ತಾ ತನ್ನ ಇತಿಹಾಸವನ್ನ ಬಿಜಾಪುರದಲ್ಲಿ ಕೂತು ಬರೆದ. ಕನ್ನಡಿಗರಲ್ಲಿ ಹೆಚ್ಚಿನವರು ಅದನ್ನ ಬ್ರಿಗ್ಸ್ ಸಾಹೇಬನ 1829ರ ಇಂಗ್ಲಿಷಿನಲ್ಲಿ ನೋಡಿರೋದು. ಗಾವಾನನ ಪತ್ರಗಳೂ ಅಷ್ಟೇ, ಟಿಪ್ಪುವಿನ ಕನಸುಗಳೂ ಅಷ್ಟೇ, ಇಂಗ್ಲಿಷಿಗೆ ಬಂದಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು.

ಮೇಷ್ಟ್ರು: ಆದಿಲ್‌ಶಾಹಿ ಸಾಹಿತ್ಯವನ್ನ ಕನ್ನಡಕ್ಕೆ ತರುವ ಕೆಲಸ ವಿಜಯಪುರದಲ್ಲಿ ಎಂ. ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ನಡೀತು. ಅದೊಂದು ದೊಡ್ಡ ಕೆಲಸ. ಅದನ್ನ ಮುಂದುವರಿಸೋಕೆ ಪರ್ಷಿಯನ್ನೂ ಹಳೆಯ ಕನ್ನಡವೂ ಎರಡೂ ಬಲ್ಲ ಎಳೆಯರು ಬೇಕು. ಇತಿಹಾಸದ ಹುಡುಗರಿಗೆ ಶಾಸನ ಓದೋದನ್ನ ಕಲಿಸ್ತೀವಿ. ಬಹಮನಿ, ಆದಿಲ್‌ಶಾಹಿ, ಶ್ರೀರಂಗಪಟ್ಟಣದ ಕಾಲದ ಪಾಠ ಮಾತ್ರ ಆಕರ ಮುಟ್ಟದೆ ಮುಗಿಸ್ತೀವಿ. ಅದರಿಂದ ಏನಾಗುತ್ತೆ ಗೊತ್ತೇ? ಆ ಕಾಲದ ಬಗ್ಗೆ ಹೊಗಳೋರೂ ತೆಗಳೋರೂ ಇಬ್ಬರೂ ಕೇಳಿದ ಮಾತನ್ನೇ ಆಡ್ತಾರೆ.

ವಕೀಲರು: ನನ್ನ ಹತ್ತಿರ ಬರೋ ಇನಾಮು ಜಮೀನಿನ ವ್ಯಾಜ್ಯಗಳಲ್ಲೂ ಒಮ್ಮೊಮ್ಮೆ ಪರ್ಷಿಯನ್ನಿನಲ್ಲಿ ಬರೆದ ಹಳೆಯ ಸನದು ಹೊರಬೀಳುತ್ತೆ. ಕಕ್ಷಿದಾರ ಅದನ್ನ ಬಿಚ್ಚಿ ಮೇಜಿನ ಮೇಲಿಟ್ಟರೆ ನಾನು ಓದಲಾರೆ, ಎದುರು ವಕೀಲರೂ ಓದಲಾರರು, ಜಡ್ಜೂ ಓದಲಾರರು. ಓದುವವರನ್ನ ಹುಡುಕೋದರಲ್ಲೇ ವಾಯಿದೆ ಮೇಲೆ ವಾಯಿದೆ ಆಗುತ್ತೆ.

ಮೇಷ್ಟ್ರು: ಹಾಗಾದರೆ ನಾವಿಬ್ಬರೂ ಒಂದು ವಿಷಯಕ್ಕೆ ರಾಜಿಯಾಗಬಹುದು. ರೈತನ ಕಾಗದದಲ್ಲಿ ಅವನಿಗೆ ತಿಳಿಯೋ ಕನ್ನಡ ಇರಲಿ, ಅದರ ಮೂಲ ಯಾವುದಾದರೂ ಆಗಲಿ. ವಿಶ್ವವಿದ್ಯಾಲಯದಲ್ಲಿ ಪರ್ಷಿಯನ್ ಇರಲಿ, ಇತಿಹಾಸ ಓದುವವರು ಕಡ್ಡಾಯವಾಗಿ ಕಲೀಲಿ. ಈಗ ಆಗಿರೋದು ಇದಕ್ಕೆ ಪೂರ್ತಿ ಉಲ್ಟಾ: ಓದು ಬಾರದವನ ಕೈಯಲ್ಲಿ ಪರ್ಷಿಯನ್ ಇದೆ, ಪಂಡಿತನ ಕೈಯಲ್ಲಿ ಇಲ್ಲ.